ಚೀಲದಕ್ಕ ಒಬ್ಬಳೇ ಮಾಲೀಕಳಾದದ್ದು

ನಮ್ಮ ಅಕ್ಕನನ್ನು ಎಲ್ಲರೂ ಚೀಲದಕ್ಕ ಎಂದೇ ಕರೆಯುತ್ತಿದ್ದರು. ಶಾಲೆಯ ಚೀಲ, ಪ್ರಯಾಣದ ಚೀಲ, ಔಷಧಿ ಮಾರುವವರು ಹೆಗಲಿಗೆ ಹಾಕಿಕೊಳ್ಳುವ ಜೇಬುಗಳೇ ತುಂಬಿದ ಚೀಲ, ಯಾವುದನ್ನು ತಂದು ಮುಂದಿಟ್ಟರೂ ಅವಳು ಮೊದಲು ಅದರ ಒಳಗನ್ನು ಹೊರಗೆ ಮಗುಚಿ ನೋಡುತ್ತಿದ್ದಳು. "ಹೊರಗಡೆ ಎಲ್ಲರೂ ಚೆನ್ನಾಗೇ ಕಾಣ್ತಾರೆ. ಒಳಹೊಲಿಗೆ ತೋರಿಸು ಮೊದಲು" ಅನ್ನುತ್ತಿದ್ದಳು. ಮನುಷ್ಯರ ವಿಷಯದಲ್ಲೂ ಅವಳದು ಅದೇ ಲೆಕ್ಕ.

ಮದುವೆಗೆ ಮುಂಚಿನಿಂದಲೂ ಅವಳು ಒಂದೇ ಚೀಲದ ಕಾರ್ಖಾನೆಯಲ್ಲಿದ್ದಳು. ಅಲ್ಲಿ ಅವಳ ಕೆಲಸ ಮೊದಲ ಚೀಲ ಹೊಲಿಯುವುದು. ಕಾಗದದ ಮೇಲೆ ಯಾರೋ ಚಿತ್ರ ಬರೆದು ಕಳಿಸುತ್ತಿದ್ದರು. ಅಕ್ಕ ಕ್ಯಾನ್ವಾಸ್ ಕತ್ತರಿಸಿ, ಜಿಪ್ ಕೂರಿಸಿ, ಪಟ್ಟಿ ಎಳೆದು ನೋಡಿ, ಭಾರ ತುಂಬಿ ನೇತುಹಾಕಿ, ಹರಿದರೆ ಬಿಚ್ಚಿ ಮತ್ತೆ ಹೊಲಿದು ಒಂದು ಚೀಲ ನಿಲ್ಲಿಸುತ್ತಿದ್ದಳು. ಉಳಿದವರು ಅದನ್ನು ನೋಡಿಕೊಂಡು ರಾಶಿ ರಾಶಿ ಹೊಲಿಯುತ್ತಿದ್ದರು. ಪೇಟೆಯಲ್ಲಿ ಹೋಗುವ ಮಕ್ಕಳ ಬೆನ್ನು ತೋರಿಸಿ, "ಅದು ನಂದು, ಇದೂ ನಂದೇ, ಆ ಕೆಂಪು ನಂದಲ್ಲ, ಅದರ ಮೂಲೆ ನೋಡು, ಬಾಯಿ ಬಿಡ್ತಿದೆ" ಎಂದು ನನಗೆ ಹೇಳುವಳು. ಆದರೆ ಚೀಲದ ಮೇಲೆ ಇರುತ್ತಿದ್ದದ್ದು ಕಾರ್ಖಾನೆಯ ಹೆಸರು.

ನಮ್ಮ ಭಾವ ವ್ಯಾನ್ ಓಡಿಸುತ್ತಿದ್ದರು. ಅಂಗಡಿಗಳಿಗೆ ಸಾಮಾನು ಮುಟ್ಟಿಸುವ ಕೆಲಸ. ಬಲು ಸಾಧು ಮನುಷ್ಯ, ಆದರೆ ಒಂದು ಹಟ. ಅವರ ವ್ಯಾನಿನಲ್ಲಿ ಕೂತವರು ಕೆಟ್ಟ ಮಾತು ಆಡುವಂತಿರಲಿಲ್ಲ. ಬೈಗುಳವಲ್ಲ, ಬೈದರೆ ಬೈದುಕೊಳ್ಳಿ ಎನ್ನುತ್ತಿದ್ದರು. ಅಪಘಾತ, ಪಂಕ್ಚರ್, ಬ್ರೇಕ್ ಹೋಗುವುದು, ಇಂಥವುಗಳ ಹೆಸರೆತ್ತಬಾರದು. ಚಕ್ರದ ಗಾಳಿ ಹೋದರೆ "ಗಾಡಿ ಸ್ವಲ್ಪ ಕೂತ್ಕೊಂಡಿದೆ" ಎನ್ನುವರು. ಜೊತೆಯ ಚಾಲಕರಲ್ಲೂ ಈ ನಂಬಿಕೆ ಅಷ್ಟಿಷ್ಟು ಇತ್ತು, ಭಾವನಲ್ಲಿ ಅದು ಮನೆಯವರೆಗೂ ಬಂದಿತ್ತು. ಹೆಸರು ಹಿಡಿದು ಕರೆದರೆ ಕಷ್ಟ ತಿರುಗಿ ನೋಡುತ್ತದೆ ಎನ್ನುವುದು ಅವರ ಗಟ್ಟಿ ನಂಬಿಕೆ. ಅಕ್ಕ ನಗುತ್ತಿದ್ದಳು. "ನಮ್ಮನೇಲಿ ಅಕ್ಕಿ ಖಾಲಿ ಆಗಲ್ಲ ಕಣೋ, ಡಬ್ಬಿ ಹಗುರ ಆಗುತ್ತೆ ಅಷ್ಟೆ."

ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾದಾಗಲೂ ಭಾವ ಅದನ್ನು ಹೊಟ್ಟೆನೋವು ಎಂದೇ ಕರೆದರು. ಆಪರೇಷನ್ ಆಯಿತು. ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದು, ತೆಗೆಯುವಷ್ಟು ತೆಗೆದಿದ್ದೇವೆ, ಉಳಿದದ್ದು ಉಳಿದಿದೆ, ಒಂದಷ್ಟು ಕಾಲ ಚೆನ್ನಾಗಿರುತ್ತಾರೆ ಎಂದರು.

"ಒಂದಷ್ಟು ಅಂದ್ರೆ ಎಷ್ಟು? ಸರಿಯಾಗಿ ಹೇಳ್ರೀ" ಎಂದು ನಾನು ಏರಿಹೋದೆ. ಭಾವ ನನ್ನ ತೋಳು ಹಿಡಿದು, "ಕೇಳಬೇಡ, ಕೇಳಬೇಡ" ಎಂದು ಎಳೆದುಕೊಂಡು ಬಂದರು.

ನಾವು ಕೇಳದಿದ್ದದ್ದನ್ನು ಅಕ್ಕ ಕೇಳಿಕೊಂಡಿದ್ದಳು. ಹಾಸಿಗೆಯಲ್ಲಿ ಮಲಗಿಕೊಂಡೇ ಅವಳು ಆ ಡಾಕ್ಟರನ್ನೂ ಒಳಗು ಹೊರಗು ಮಗುಚಿ ನೋಡಿದ್ದಳು. ಮನೆಗೆ ಬಂದು ಸ್ವಲ್ಪ ಓಡಾಡುವಂತಾದ ಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಹೇಳಿದಳು: "ಕಾರ್ಖಾನೆಗೆ ಇನ್ನು ಹೋಗಲ್ಲ. ಸ್ವಂತ ಅಂಗಡಿ ಹಾಕ್ತೀನಿ."

"ಈಗಲಾ?" ಎಂದೆ.

"ಇನ್ಯಾವಾಗ್ಲೋ? ಮುದುಕಿ ಆದಮೇಲೆ ಹಾಕೋಣ ಅಂದ್ರೆ, ಆ ಮುದುಕಿ ಬರೋ ಹಾಗೆ ಕಾಣ್ತಿಲ್ಲ."

ಭಾವ ಎದ್ದು, "ಸ್ನಾನಕ್ಕೆ ನೀರು ಕಾದಿದೆ" ಎಂದು ಒಳಗೆ ಹೋದರು.

ನಾನು ವೆಲ್ಡಿಂಗ್ ಮಾಡುವವನು. ನನ್ನ ಕೆಲಸಕ್ಕೂ ನನ್ನ ಸಿಟ್ಟಿಗೂ ಸೇರಿಸಿ ಅಕ್ಕ ನನಗೆ ಕಿಡಿ ಎಂದು ಹೆಸರಿಟ್ಟಿದ್ದಳು. "ಏ ಕಿಡಿ, ಉರಿಯೋದು ಬಿಟ್ಟು ಮೇಜು ಮಾಡಿಕೊಡು ನನಗೆ, ಸೊಂಟದೆತ್ತರ, ಬಗ್ಗೋಕೆ ಆಗಲ್ಲ" ಎಂದಳು. ಮಾಡಿಕೊಟ್ಟೆ. ಹಳೆ ಪೇಟೆಯ ಗಲ್ಲಿಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ದಪ್ಪ ಬಟ್ಟೆ ಹೊಲಿಯುವ ಮೋಟಾರಿನ ಮಷೀನು ಎರಡು ಬಂದವು. ಇನ್ನು ಅಂಗಡಿಯನ್ನು ಯಾವ ರೀತಿಯಲ್ಲಿ ನೋಂದಾಯಿಸಬೇಕು ಎಂದು ಕೇಳಲು ಮೂವರೂ ಒಬ್ಬ ವಕೀಲಮ್ಮನ ಹತ್ತಿರ ಹೋದೆವು.

ಜೆರಾಕ್ಸ್ ಅಂಗಡಿಯ ಮೇಲಿನ ಸಣ್ಣ ಕೋಣೆ ಅದು. ಕೆಳಗಿನ ಯಂತ್ರ ಓಡಿದಾಗಲೆಲ್ಲ ನೆಲ ಅದುರುತ್ತಿತ್ತು. ವಕೀಲಮ್ಮನಿಗೆ ನನ್ನ ಮಗಳ ವಯಸ್ಸಿರಬೇಕು. ಪಾಪ, ತಾಳ್ಮೆಯಿಂದ ಹೇಳಿದರು.

"ಮೂರು ದಾರಿ ಇದೆ. ಒಂದು, ಒಬ್ಬರದೇ ಮಾಲೀಕತ್ವ. ಸುಲಭ, ಖರ್ಚು ಕಮ್ಮಿ. ಲಾಭ ಬಂದ್ರೂ ನಿಮ್ಮದು, ನಷ್ಟ ಬಂದ್ರೂ ನಿಮ್ಮದು, ಅಂಗಡಿ ಬೇರೆ ನೀವು ಬೇರೆ ಅಂತ ಕಾನೂನು ನೋಡಲ್ಲ. ಎರಡು, ಪಾಲುದಾರಿಕೆ. ಇಬ್ಬರು ಒಪ್ಪಂದ ಬರ್ಕೊಂಡು ಮಾಡೋದು. ಮೂರು, ಕಂಪನಿ. ಅದಕ್ಕೆ ಖರ್ಚು ಜಾಸ್ತಿ, ವರ್ಷಾ ವರ್ಷಾ ಲೆಕ್ಕ ಒಪ್ಪಿಸಬೇಕು. ಆದ್ರೆ ಕಂಪನಿ ಅಂದ್ರೆ ಕಾನೂನಿನ ಕಣ್ಣಲ್ಲಿ ಒಬ್ಬ ಬೇರೆ ಮನುಷ್ಯ ಇದ್ದ ಹಾಗೆ. ಮಾಲೀಕರು ಬರ್ತಾರೆ ಹೋಗ್ತಾರೆ, ಅದು ಇರುತ್ತೆ."

"ಸಾಯೋದೇ ಇಲ್ವಾ?" ಅಕ್ಕ ಕೇಳಿದಳು.

"ಮುಚ್ಚೋವರೆಗೂ ಇಲ್ಲ."

"ಅಂಥೋರೂ ಇದಾರಾ ಲೋಕದಲ್ಲಿ! ಒಂದು ಸಲ ನೋಡಬೇಕಿತ್ತು" ಎಂದು ನಕ್ಕಳು.

ವಕೀಲಮ್ಮನೂ ನಕ್ಕರು, ಅವರಿಗೆ ಏನೂ ಗೊತ್ತಿರಲಿಲ್ಲ. "ಎರಡು ಮಷೀನಿಗೆ ಕಂಪನಿಯಂತೆ, ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ. ಬೇಡ ಅದು" ಎಂದು ಜೋರು ಮಾಡಿದೆ.

ಆಗ ಭಾವ ಬಾಯಿ ಬಿಟ್ಟರು. "ಪಾಲುದಾರಿಕೆ ಮಾಡಿ. ಇಬ್ಬರ ಹೆಸರೂ ಇರಲಿ. ಅವಳದು ಮೊದಲು, ನಂದು ಆಮೇಲೆ." ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಕ್ಕ ಅವರ ಕಡೆ ತಿರುಗಿ ನೋಡಿದಳು. "ಮದುವೆ ಆಗಿ ಇಷ್ಟು ವರ್ಷ ಆದಮೇಲೆ ಪಾಲು ಕೇಳ್ತಿದಾರೆ ನೋಡಿ ಮೇಡಂ, ಎಂಥ ಜಾಣರು" ಎಂದಳು. ಆದರೆ ಅವಳ ಮುಖ ಅರಳಿದ್ದನ್ನು ನಾನು ನೋಡಿದೆ.

ಒಪ್ಪಂದ ಪತ್ರ ತಯಾರಾದ ಮೇಲೆ ಮತ್ತೆ ಕರೆದರು. ಸಹಿ ಮಾಡುವ ಮುಂಚೆ ಪೂರ್ತಿ ಓದಿ ಹೇಳುವುದು ತಮ್ಮ ಪದ್ಧತಿ ಎಂದು ವಕೀಲಮ್ಮ ಓದತೊಡಗಿದರು. ಅಂಗಡಿಯ ಹೆಸರು, ಯಾರು ಹೊಲಿಯುವುದು, ಯಾರು ಸಾಗಿಸುವುದು, ಲಾಭ ಸಮಪಾಲು. ಭಾವ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದರು.

"ಪಾಲುದಾರರಲ್ಲಿ ಒಬ್ಬರು ಮರಣ ಹೊಂದಿದ ಪಕ್ಷದಲ್ಲಿ..."

"ಅದು ಬೇಡ" ಎಂದರು ಭಾವ.

"ಸರ್, ಇದು ಎಲ್ಲರ ಪತ್ರದಲ್ಲೂ ಇರುತ್ತೆ."

"ಎಲ್ಲರದ್ರಲ್ಲಿ ಇರಲಿ. ನಮ್ಮದ್ರಲ್ಲಿ ಬೇಡ."

"ಇಬ್ಬರೇ ಇರೋ ಪಾಲುದಾರಿಕೆ ಸರ್, ಒಬ್ಬರು ಹೋದರೆ ಅದು ಅಲ್ಲಿಗೆ ಮುಗೀತು. ಉಳಿದವರ ಕೈಗೆ ಅಂಗಡಿ ಹೇಗೆ ಬರಬೇಕು ಅನ್ನೋದನ್ನ ಬರೀದಿದ್ರೆ ನಾಳೆ ನಿಮಗೇ ತಾಪತ್ರಯ."

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀತಾರೆ ಅಂತ ಕೇಳಿದ್ದೆ. ಕೂಸು ಹುಟ್ಟೋ ಮುಂಚೆ ಈ ಮಾತು ಆಡೋರನ್ನ ಇಲ್ಲೇ ನೋಡಿದ್ದು" ಎಂದು ನಾನೂ ಹಾರಾಡಿದೆ. ಅಕ್ಕ ನನ್ನ ತೊಡೆಯ ಮೇಲೆ ಕೈಯಿಟ್ಟು ಒತ್ತಿದಳು. ಆಮೇಲೆ ಮೆಲ್ಲಗೆ, "ಓದಿ ಮೇಡಂ. ನಾನು ಕೇಳಬೇಕು. ಇವರೂ ಕೇಳಲಿ" ಎಂದಳು.

ಭಾವ ಎದ್ದರು. "ವ್ಯಾನ್ ಬಿಸಿಲಲ್ಲಿ ನಿಂತಿದೆ" ಎಂದವರೇ ಇಳಿದು ಹೋದರು. ಹೊರಗೆ ಮೋಡ ಕವಿದಿತ್ತು.

ಭಾವ ಬಿಟ್ಟುಹೋದ ಕುರ್ಚಿಯನ್ನು ಅಕ್ಕ ನೋಡಿದಳು. ಆಮೇಲೆ ವಕೀಲಮ್ಮನ ಕಡೆ ತಿರುಗಿ, "ಈ ಮಾತೇ ಬರದೇ ಇರೋ ದಾರಿ ಯಾವುದಿದೆ?" ಎಂದು ಕೇಳಿದಳು.

"ಒಬ್ಬರ ಮಾಲೀಕತ್ವಕ್ಕೆ ಒಪ್ಪಂದ ಪತ್ರ ಬೇಕಿಲ್ಲ. ಆದ್ರೆ ಅಮ್ಮಾ, ಅದರಲ್ಲಿ ಅಂಗಡಿ ಅಂದ್ರೆ ನೀವೇ. ನೀವು ಇರೋವರೆಗೆ ಅದು ಇರುತ್ತೆ. ಯಾವುದಕ್ಕೂ ಒಂದು ವಿಲ್ ಬರೆದಿಡಿ, ಯಜಮಾನರಿಗೆ ಹೇಳೋದೂ ಬೇಕಿಲ್ಲ."

"ಅವರ ಬೆನ್ನ ಹಿಂದೆ ನಾನು ಏನನ್ನೂ ಬರೆಯಲ್ಲ" ಎಂದಳು ಅಕ್ಕ. "ನನ್ನೊಬ್ಬಳ ಹೆಸರಲ್ಲೇ ಮಾಡಿ."

ಮೆಟ್ಟಿಲಿಳಿಯುವಾಗ ನಾನು ಭಾವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅಕ್ಕ ಗೋಡೆ ಹಿಡಿದು ನಿಂತಳು. "ಕಾಗದ ಏನಾದ್ರೂ ಹಾಳಾಗಿ ಹೋಗಲಿ ಕಣೋ. ಅದನ್ನ ಓದುವಾಗ ಅವರು ನನ್ನ ಪಕ್ಕದಲ್ಲಿ ಕೂತಿರಲಿ ಅಂತ ಆಸೆಯಿತ್ತು. ಒಂದೇ ಒಂದು ಸಲ ಅವರು ನನ್ನ ಹತ್ರ ಆ ಮಾತು ಆಡಬೇಕು. ನೀನು ಹೋಗ್ತೀಯ, ನಾನು ಉಳೀತೀನಿ ಅಂತ ಹೇಳಿ ಅತ್ತುಬಿಡಬೇಕು. ಇಷ್ಟು ದೊಡ್ಡದನ್ನ ನಾನೊಬ್ಬಳೇ ಎಷ್ಟು ದಿನ ಹೊರಲಿ, ಹೇಳು?"

ನಾನು ಅವಳ ಕೈಚೀಲ ಇಸಿದುಕೊಂಡು ಕೆಳಗಿಳಿದೆ.

ಅಂಗಡಿ ಮಾತ್ರ ಚೆನ್ನಾಗಿ ನಡೆಯಿತು. ಕಾರ್ಖಾನೆಯಿಂದ ಅಕ್ಕನ ಹಿಂದೆಯೇ ಒಬ್ಬ ಹೆಂಗಸು ಬಂದಳು. ಚೀಲಗಳಿಗೆ ರಿವಿಟ್ಟು ಹೊಡೆಯುವವಳು, ರಿವಿಟಮ್ಮ ಎಂದೇ ಹೆಸರು. ಬಾಯಿಯೂ ಸುತ್ತಿಗೆಯ ಹಾಗೇ. ಬೋರ್ಡಿನಲ್ಲಿ ಅಂಗಡಿಯ ಹೆಸರಿನ ಕೆಳಗೆ ಮಾಲೀಕರು ಎಂದು ಅಕ್ಕನ ಹೆಸರು ಬಂದ ದಿನ ಅವಳು ರಸ್ತೆಯ ಆಚೆ ನಿಂತು, "ಓಹೋ ಮಾಲೀಕರೇ, ಇನ್ಮೇಲೆ ನಿಮ್ಮ ಜೊತೆ ಕೂತು ಊಟ ಮಾಡಬಹುದೋ, ಕೆಳಗೆ ಕೂರಬೇಕೋ?" ಎಂದು ಕೂಗಿದಳು.

"ಕೆಳಗೆ ಕೂತ್ರೆ ಎಬ್ಬಿಸೋರು ಯಾರೇ ನಿನ್ನ? ಕಿಡಿ ಕೆಲಸ ಮಾಡೋ ಕಡೆಯಿಂದ ಕ್ರೇನ್ ತರಿಸಬೇಕು!"

ಹೊಸ ಚೀಲಗಳ ಒಳಗೆ, ಯಾರೂ ನೋಡದ ಕಡೆ, ಅಕ್ಕ ತನ್ನ ಹೆಸರಿನ ಸಣ್ಣ ಪಟ್ಟಿ ಹೊಲಿಯತೊಡಗಿದಳು. ಹೊರಗೆ ಹಾಕು ಎಂದರೆ, "ನೋಡಬೇಕಾದೋರು ಒಳಗೇ ನೋಡ್ತಾರೆ" ಎನ್ನುವಳು. ಸಂಜೆ ಭಾವ ವ್ಯಾನ್ ತಂದು ನಿಲ್ಲಿಸಿ ಚೀಲಗಳನ್ನು ತಾವೇ ಹೊತ್ತು ತುಂಬುವರು, ಎಣಿಕೆ ತಪ್ಪಿದರೆ ಅಕ್ಕನಿಂದ ಬೈಸಿಕೊಳ್ಳುವರು, ಬೈಸಿಕೊಂಡು ನಗುವರು. ಅವರಿಬ್ಬರನ್ನು ನೋಡಿದರೆ ಹೊಸದಾಗಿ ಮದುವೆಯಾದವರ ಹಾಗೆ ಕಾಣುತ್ತಿತ್ತು. ಅಕ್ಕ ತೆಳ್ಳಗಾಗುತ್ತಿದ್ದಳು. ಭಾವ ಅವಳ ಕುರ್ಚಿಗೆ ಒಂದರ ಮೇಲೊಂದು ಫೋಮಿನ ಮೆತ್ತೆ ತಂದು ಹಾಕುತ್ತಿದ್ದರು. "ಈ ಕುರ್ಚಿ ಗಟ್ಟಿ ಆಗ್ತಾ ಇದೆ" ಎಂದು ಕುರ್ಚಿಯನ್ನೇ ದೂರುತ್ತಿದ್ದರು.

ಆಮೇಲೆ ಒಂದು ದಿನ ಅವಳಿಂದ ಮಷೀನಿನ ಪೆಡಲು ಒತ್ತಲಾಗಲಿಲ್ಲ.

ಮನೆಯಲ್ಲಿ ಮಲಗಿಕೊಂಡೇ ಅವಳು ವಕೀಲಮ್ಮನಿಗೆ ಫೋನ್ ಮಾಡಿಸಿದಳು. ಮಾಲೀಕರು ಇರುವಾಗಲೇ ಸಹಿ ಹಾಕಿ ಅಂಗಡಿಯನ್ನು ಗಂಡನಿಗೆ ವಹಿಸಿಕೊಟ್ಟರೆ, ಅವರು ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಂಡು ನಿಲ್ಲಿಸದೆ ನಡೆಸಬಹುದು, ರಿವಿಟಮ್ಮನ ಕೆಲಸವೂ ಉಳಿಯುತ್ತದೆ ಎಂದು ಅವರು ಹೇಳಿದರು. ತಾವೇ ಮನೆಗೆ ಬರುವುದಾಗಿಯೂ ಹೇಳಿದರು. ಬಂದರು ಕೂಡ. ಭಾವ ಬಾಗಿಲಲ್ಲಿ ನಿಂತಿದ್ದರು.

"ಈಗ ಮಲಗಿದ್ದಾಳೆ. ಹುಷಾರಾದ ಮೇಲೆ ನಾವೇ ಆಫೀಸಿಗೆ ಬರ್ತೀವಿ."

ವಕೀಲಮ್ಮ ನನ್ನ ಮುಖ ನೋಡಿದರು. ಒಳಗಿನಿಂದ ಅಕ್ಕ, "ರೀ, ನಾನು ಎದ್ದೇ ಇದ್ದೀನಿ" ಎಂದಳು. ಭಾವ ಕೇಳಿಸದವರಂತೆ ಆ ಹುಡುಗಿಯನ್ನು ಗೇಟಿನವರೆಗೆ ಬಿಟ್ಟುಬಂದರು.

ನಾನು ಅವರನ್ನು ವ್ಯಾನಿನ ಪಕ್ಕಕ್ಕೆ ಎಳೆದೆ. "ಏನ್ ಮನುಷ್ಯರು ಭಾವ ನೀವು? ಅವಳು ಬಾಯಿ ಬಿಟ್ಟು ಕೇಳ್ತಿದ್ದಾಳೆ. ಒಂದು ಸಹಿ. ಅಷ್ಟು ಮಾಡಿಕೊಡೋಕೆ ಆಗಲ್ವಾ ನಿಮಗೆ?"

"ಸಹಿ ಹಾಕಿದ್ರೆ ಅವಳು ಹೊರಟ ಹಾಗೆ."

"ಹಾಕದೆ ಇದ್ರೆ ನಿಲ್ತಾಳಾ?"

ಭಾವ ವ್ಯಾನಿನ ಬಾಗಿಲ ಮೇಲೆ ತಲೆಯಿಟ್ಟರು. "ಕೆಲಸ ಅರ್ಧಕ್ಕೆ ಬಿಟ್ಟು ಏಳೋಳಲ್ಲ ಕಣೋ ಅವಳು. ನಿನಗೆ ಗೊತ್ತಲ್ಲ. ಅಂಗಡಿ ಅವಳ ಹೆಸರಲ್ಲಿ ಇರೋವರೆಗೆ ಅವಳು ಹೋಗಲ್ಲ. ಹೆಸರು ಬಿಡಿಸಿಬಿಟ್ರೆ ಇನ್ನೇನಿದೆ ಅವಳನ್ನ ಹಿಡ್ಕೊಳ್ಳೋಕೆ?"

ಕೈ ಎತ್ತಿದ್ದೆ, ಹಾಗೇ ಇಳಿಯಿತು. ಇಂಥವನನ್ನು ಹೊಡೆಯುವುದಾದರೂ ಹೇಗೆ?

ಅಕ್ಕ ಎಲ್ಲವನ್ನೂ ಕಿಟಕಿಯಿಂದ ಕೇಳಿಸಿಕೊಂಡಿದ್ದಳು. ನಾನು ಒಳಗೆ ಹೋದಾಗ, "ಬಿಡೋ, ಅವರಿಗೆ ಆಗಲ್ಲ" ಎಂದಳು. "ರಿವಿಟಮ್ಮನಿಗೆ ಕಾರ್ಖಾನೇಲಿ ಜಾಗ ಇದೆಯಾ ಕೇಳು." ಆಮೇಲೆ ಆ ಮಾತೆತ್ತಲಿಲ್ಲ. ಅಂಗಡಿಯ ಆಸೆಯನ್ನು ಅವಳು ಆವತ್ತೇ ಕಳಚಿಟ್ಟಳು. ಇನ್ನೊಂದು ಆಸೆಯನ್ನು ಮಾತ್ರ ಬಿಟ್ಟಿರಲಿಲ್ಲ. ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಭಾವ ಅವಳ ಕಾಲು ಒತ್ತುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಔಷಧಿಯ ಸೀಸೆಗಳನ್ನು ಜೋಡಿಸುತ್ತಿದ್ದೆ.

"ರೀ, ನಾನಿಲ್ಲದಾಗ ನೀವು..."

"ನೀನೆಲ್ಲಿಗೆ ಹೋಗ್ತೀಯೇ? ಬಚ್ಚಲಿಗೆ ಹೋಗಬೇಕಾದ್ರೂ ನನ್ನ ಕೈ ಹಿಡ್ಕೊಬೇಕು."

ಅಕ್ಕ ನಕ್ಕಳು. "ಹೌದಲ್ವಾ. ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗಲಿ" ಎಂದಳು. ಅವರನ್ನು ಸಮಾಧಾನ ಮಾಡುವ ಧ್ವನಿಯದು. ನಾನು ಸೀಸೆ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ನಿಂತೆ.

ಕೊನೆಯ ಚೀಲಗಳನ್ನು ಅಂಗಡಿಯೊಂದಕ್ಕೆ ಮುಟ್ಟಿಸಲು ಅವಳೇ ಅವರನ್ನು ಕಳಿಸಿದ್ದಳು. ಅವರು ಬರುವಷ್ಟರಲ್ಲಿ ಮುಗಿದಿತ್ತು.

ಮರುದಿನದಿಂದಲೇ ಅಂಗಡಿ ನಿಂತಿತು. ಮಷೀನುಗಳು ಅಲ್ಲೇ ಇದ್ದವು, ಕತ್ತರಿಸಿಟ್ಟ ಕ್ಯಾನ್ವಾಸ್ ಇತ್ತು, ಚೀಲ ಬೇಕೆಂದು ಫೋನುಗಳು ಬರುತ್ತಿದ್ದವು. ಆದರೆ ಬ್ಯಾಂಕಿನವರು ಖಾತೆ ಮುಟ್ಟುವ ಹಾಗಿಲ್ಲ ಎಂದರು. ಆ ಹೆಸರಿನಲ್ಲಿ ಸಾಮಾನು ಮಾರುವ ಹಾಗಿಲ್ಲ ಎಂದು ವಕೀಲಮ್ಮ ಹೇಳಿದರು. ಅಂಗಡಿ ಎಂದರೆ ಅಕ್ಕನೇ ಎಂಬುದು ನಮಗೆ ಆಗ ತಿಳಿಯಿತು. ರಿವಿಟಮ್ಮ ತನ್ನ ಸುತ್ತಿಗೆ ತೆಗೆದುಕೊಂಡು ಹೋಗಲು ಬಂದವಳು ಅಕ್ಕನ ಕುರ್ಚಿಯ ಮುಂದೆ ನಿಂತು, "ಹೇಳದೆ ಕೇಳದೆ ರಜೆ ಹಾಕಿಬಿಟ್ರಲ್ಲ ಮಾಲೀಕರೇ, ನಾವು ಹಾಕಿದ್ರೆ ಸುಮ್ನೆ ಬಿಡ್ತಿದ್ರಾ?" ಎಂದು ಗೊಳೋ ಎಂದು ಅತ್ತಳು. ಭಾವ ಅಳಲಿಲ್ಲ. ಬಂದವರಿಗೆಲ್ಲ ಕುರ್ಚಿ ಹಾಕಿದರು, ನೀರು ಕೊಟ್ಟರು. ಯಾರಾದರೂ ಫೋನಿನಲ್ಲಿ ಅಕ್ಕನನ್ನು ಕೇಳಿದರೆ "ಮನೇಲಿಲ್ಲ" ಎನ್ನುತ್ತಿದ್ದರು.

ಹಳೆಯ ನೋಂದಣಿ ಮುಗಿಸಲೇಬೇಕು, ಅದಕ್ಕೆ ಗಂಡನೇ ಸರ್ಕಾರಿ ಕಚೇರಿಗೆ ಹೋಗಿ ತಿಳಿಸಬೇಕು ಎಂದು ವಕೀಲಮ್ಮ ಹೇಳಿದ್ದರಿಂದ ಭಾವನನ್ನು ಕರೆದುಕೊಂಡು ನಾನೂ ಹೋದೆ. ಉದ್ದನೆಯ ಸಾಲು. ಮರಣ ಪ್ರಮಾಣಪತ್ರ ನನ್ನ ಜೇಬಿನಲ್ಲಿತ್ತು. ಭಾವ ಅದನ್ನು ಕೈಯಲ್ಲಿ ಹಿಡಿಯಲು ಒಪ್ಪಿರಲಿಲ್ಲ. ನಮ್ಮ ಸರದಿ ಬಂತು. ಗಾಜಿನ ಆಚೆ ಕೂತಿದ್ದ ಗುಮಾಸ್ತ ನೋಂದಣಿಯ ಕಾಗದ ನೋಡಿದ.

"ಮಾಲೀಕರು ಎಲ್ಲಿ? ರದ್ದು ಮಾಡೋದಾದ್ರೆ ಅವರೇ ಬರಬೇಕು."

"ಬರೋಕೆ ಆಗಲ್ಲ" ಎಂದರು ಭಾವ.

"ಹುಷಾರಿಲ್ವಾ?"

ಭಾವ ಗಾಜಿನ ಕೆಳಗೆ ಕೈ ಹಾಕಿ ಕಾಗದವನ್ನು ಹಿಂದಕ್ಕೆ ಎಳೆದುಕೊಂಡರು.

"ಅವಸರ ಏನಿಲ್ಲ ಬಿಡಿ. ಹುಷಾರಾದ ಮೇಲೆ ಕರ್ಕೊಂಡು ಬನ್ನಿ."

"ಆಯ್ತು. ಕರ್ಕೊಂಡು ಬರ್ತೀನಿ" ಎಂದರು ಭಾವ. ಕಾಗದ ಮಡಚಿಕೊಂಡರು. ತಿರುಗಿ ಹೊರಗೆ ನಡೆದೇಬಿಟ್ಟರು.

ನಾನು ಹಿಂದೆಯೇ ಓಡಿದೆ. ವರಾಂಡದಲ್ಲಿ ಅವರ ಅಂಗಿಯ ಕಾಲರು ಹಿಡಿದು ನಿಲ್ಲಿಸಿದೆ. ಕೂಗಬೇಕೆಂದು ಬಾಯಿ ತೆರೆದೆ, ಅವರ ಮುಖ ನೋಡಿ ಕೂಗಲಾಗಲಿಲ್ಲ. ಎಲ್ಲಿಂದ ಕರೆತರಲಿ ಎಂದು ಲೆಕ್ಕ ಹಾಕುತ್ತಿರುವವರ ಹಾಗೆ ಅವರು ರಸ್ತೆಯ ಕಡೆ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು.

"ಕರ್ಕೊಂಡು ಬರ್ತೀನಿ ಅಂದ್ಬಿಟ್ನಲ್ಲೋ" ಎಂದರು.

"ಹೂಂ ಭಾವ."

ನನ್ನ ಕೈಯನ್ನು ಕಾಲರಿನಿಂದ ಅವರೇ ಬಿಡಿಸಿ, ನನ್ನ ಜೇಬಿನಿಂದ ಆ ಪತ್ರ ತೆಗೆದುಕೊಂಡು, ಒಳಗೆ ಹೋಗಿ ಸಾಲಿನ ಕೊನೆಯಲ್ಲಿ ಮತ್ತೆ ನಿಂತರು. ನಾನು ಅವರ ಬೆನ್ನಿಗೆ ನಿಂತೆ. ಸಾಲು ಮುಂದೆ ಸರಿದಂತೆಲ್ಲ ಅವರ ತುಟಿ ಅಲ್ಲಾಡುತ್ತಿತ್ತು. ಗಾಜಿನ ಮುಂದೆ ಬಂದು ಏನೋ ಅಂದರು.

"ಏನಂದ್ರಿ? ಕೇಳಿಸ್ಲಿಲ್ಲ, ಜೋರಾಗಿ ಹೇಳಿ."

"ಅವಳು ಬರಲ್ಲ. ನನ್ನ ಹೆಂಡತಿ ತೀರಿಕೊಂಡಳು."

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಗುಮಾಸ್ತ ಎದ್ದು ನಿಂತು, "ಕ್ಷಮಿಸಿ ಯಜಮಾನರೇ, ನನಗೆ ಗೊತ್ತಾಗ್ಲಿಲ್ಲ, ಒಳಗೆ ಬಂದು ಕೂತ್ಕೊಳ್ಳಿ" ಎಂದ. ಕೆಲಸ ಬೇಗನೇ ಮುಗಿಯಿತು. ಭಾವನ ಮಾತು ಮಾತ್ರ ಆಮೇಲೆ ನಿಲ್ಲಲಿಲ್ಲ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವನಿಗೆ ಹೇಳಿದರು, ಬಾಗಿಲ ಕಾವಲಿನವನಿಗೆ ಹೇಳಿದರು. ಗಾಡಿ ನಿಲ್ಲಿಸುವ ಜಾಗದ ಮುದುಕ ಚೀಟಿಗೆಂದು ಕೈ ಚಾಚಿದಾಗ ಅವನಿಗೂ, "ನನ್ನ ಹೆಂಡತಿ ತೀರಿಕೊಂಡಳು" ಎಂದರು. ಆ ಮುದುಕನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಚಾಚಿದ ಕೈಯಲ್ಲೇ ಭಾವನ ಕೈ ಹಿಡಿದುಕೊಂಡ. ಭಾವ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತು, ಗುರುತು ಪರಿಚಯವಿಲ್ಲದ ಆ ಕೈಗೆ ಹಣೆ ಒತ್ತಿ, ಅಕ್ಕ ಒಂದು ಸಲ ನೋಡಬೇಕೆಂದು ಕಾದಿದ್ದ ಅಳುವನ್ನು ಅತ್ತರು.